ಬಿಟ್ಟಿ ಸರ್ವರಿಗೆ ನಿದ್ದೆ ಜಾಸ್ತಿ

ಬೆಲ್ಲದ ಆರ್ಡರು ತಾನಾಗೇ ಫೋನಿಗೆ ಬರೋ ಹಾಗೆ ಮಾಡಿಕೊಡ್ತೀನಿ ಅಂದಾಗ, "ತಿಂಗಳಿಗೆ ಎಷ್ಟಾಗ್ತದಪ್ಪಾ?" ಅಂತ ಭಾವ ಕೇಳಿದ್ದರು. "ಒಂದು ಪೈಸೆನೂ ಇಲ್ಲ ಭಾವ" ಅಂದುಬಿಟ್ಟೆ. ಆ ಜಂಬಕ್ಕೆ ಎರಡು ತಿಂಗಳು ಒದ್ದಾಡಿದೆ.

ಭಾವನದು ಮಂಡ್ಯದ ಹತ್ತಿರ ಆಲೆಮನೆ. ಅಚ್ಚು ಬೆಲ್ಲ, ಪುಡಿ ಬೆಲ್ಲ ಬೇಕು ಅಂತ ಮೈಸೂರು, ಬೆಂಗಳೂರಿನವರು ಗೂಗಲ್ ಫಾರ್ಮ್ ತುಂಬುತ್ತಾರೆ. ಅದು ಗೂಗಲ್ ಶೀಟಿಗೆ ಬಂದು ಬೀಳುತ್ತದೆ. ಅಲ್ಲಿಂದ 5 ನಿಮಿಷದೊಳಗೆ ಭಾವನ ಟೆಲಿಗ್ರಾಂಗೆ ಹೋಗಬೇಕು. ಬೆಳಿಗ್ಗೆ 7ಕ್ಕೆ ಆ ದಿನದ ಪಾರ್ಸಲ್ ಪಟ್ಟಿ ಬರಬೇಕು. ಪಾರ್ಸಲ್ ಹೋದ ಮೇಲೆ ಭಾವ ವಾಪಸ್ ಮೆಸೇಜ್ ಹಾಕಿದರೆ ಶೀಟಿನಲ್ಲಿ ದಾಖಲಾಗಬೇಕು. ಇಷ್ಟಕ್ಕೆ ನಾನು ಹಿಡಿದದ್ದು ಎನ್‌ಏಟ್‌ಎನ್ (n8n), ಬೇರೆ ಬೇರೆ ಆ್ಯಪ್‌ಗಳನ್ನು ಜೋಡಿಸಿ ಕೆಲಸ ತಾನಾಗೇ ನಡೆಸುವ ಸಾಫ್ಟ್‌ವೇರ್. 2019ರಲ್ಲಿ ಬರ್ಲಿನ್‌ನಲ್ಲಿ ಶುರುವಾದದ್ದು.

ಅವರೇ ನಡೆಸುವ ಕ್ಲೌಡ್ ಸರ್ವರ್ ಯಾಕೆ ಬೇಡ ಅಂದರೆ, ಅಲ್ಲಿ ವರ್ಕ್‌ಫ್ಲೋ (ನಾವು ಜೋಡಿಸಿದ ಕೆಲಸದ ಸರಣಿ) ಎಷ್ಟು ಸಲ ಓಡಿತು ಅನ್ನೋದರ ಮೇಲೆ ಲೆಕ್ಕ. ಶೆಡ್ಯೂಲ್ ಹಾಕಿ 5 ನಿಮಿಷಕ್ಕೊಮ್ಮೆ ಶೀಟ್ ನೋಡು ಅಂದರೆ ದಿನಕ್ಕೆ 288 ಸಲ, 30 ದಿನಕ್ಕೆ 8,640. ಅಷ್ಟರಲ್ಲಿ ಬೆಲ್ಲದ ಆರ್ಡರು ಇರೋದು ಬೆರಳೆಣಿಕೆ! ಸ್ವಂತ ಸರ್ವರಿನಲ್ಲಿ ಅದನ್ನು ಎಣಿಸುವವರು ಯಾರೂ ಇಲ್ಲ.

ಮೊದಲು ಒಂದು ಬಿಟ್ಟಿ ಹೋಸ್ಟಿಂಗ್ (ಇನ್ನೊಬ್ಬರ ಸರ್ವರಿನಲ್ಲಿ ಜಾಗ) ಹಿಡಿದೆ. 15 ನಿಮಿಷ ಯಾರೂ ಮಾತಾಡಿಸದಿದ್ದರೆ ಅದು ಮಲಗಿಬಿಡುತ್ತದೆ. ಮಲಗಿದ ಸರ್ವರಿನಲ್ಲಿ ಶೆಡ್ಯೂಲ್ ಎಲ್ಲಿ ಓಡಬೇಕು? ಆರ್ಡರು ಶೀಟಿನಲ್ಲೇ ಕೂತಿತ್ತು. ಅದು ಸಾಲದು ಅಂತ, ರೀಸ್ಟಾರ್ಟ್ ಆದಾಗ ಡಿಸ್ಕ್ ಖಾಲಿ. ಎನ್‌ಏಟ್‌ಎನ್ ಸುಮ್ನೆ ಬಿಟ್ಟರೆ ಎಲ್ಲವನ್ನೂ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿನಲ್ಲಿ ಇಡುತ್ತದೆ. ಫೈಲ್ ಹೋದರೆ ವರ್ಕ್‌ಫ್ಲೋ, ಪಾಸ್‌ವರ್ಡ್ ಎಲ್ಲ ಹೋದಂತೆ. ಹೋಯಿತು.

ಆಮೇಲೆ ಮನೆಯ ಹಳೇ ಲ್ಯಾಪ್‌ಟಾಪ್. ಸ್ವಲ್ಪ ದಿನ ಚೆನ್ನಾಗಿತ್ತು. ಆದರೆ ಭಾವನ ವಾಪಸ್ ಮೆಸೇಜ್ ಕೊಡೋಕೆ ಟೆಲಿಗ್ರಾಂ ಹೊರಗಿನಿಂದ ಎಚ್‌ಟಿಟಿಪಿಎಸ್ ವಿಳಾಸಕ್ಕೆ ಬಾಗಿಲು ತಟ್ಟುತ್ತದೆ. ನಮ್ಮ ಇಂಟರ್ನೆಟ್ಟಿನವರು ಒಂದೇ ಐಪಿ ವಿಳಾಸವನ್ನು ಎಷ್ಟೋ ಮನೆಗೆ ಹಂಚಿದ್ದಾರೆ, ನಮ್ಮನೆ ಬಾಗಿಲು ಅದಕ್ಕೆ ಸಿಗೋದೇ ಇಲ್ಲ. ಕ್ಲೌಡ್‌ಫ್ಲೇರ್ ಟನಲ್ ಹಾಕಿ ದಾರಿ ಮಾಡಿದೆ. ಕರೆಂಟ್ ಹೋದರೆ ಅದಕ್ಕೂ ಟನಲ್ ಹಾಕೋಕಾಗುತ್ತಾ?

ಕೊನೆಗೆ ದುಡ್ಡು ಕೊಡೋಣ ಅಂತ ವಿಪಿಎಸ್ (ಬಾಡಿಗೆ ಸರ್ವರ್) ಹುಡುಕಿದೆ. ಒಂದು ಜಾಹೀರಾತಿನಲ್ಲಿ ತಿಂಗಳಿಗೆ 400 ರೂಪಾಯಿ. ಒಳಗೆ ಹೋದರೆ ಎರಡು ವರ್ಷದ್ದು ಒಟ್ಟಿಗೆ ಕಟ್ಟಬೇಕು, 9,600. ಮೇಲೆ 18% ಜಿಎಸ್‌ಟಿ, ಅಲ್ಲಿಗೆ 11,328. ರಿನ್ಯೂವಲ್ ದರ ಸಣ್ಣ ಅಕ್ಷರದಲ್ಲಿತ್ತು, 400ರ ಹತ್ತಿರಕ್ಕೂ ಇಲ್ಲ. ನನ್ನ ಕೇಳಿದರೆ ತಿಂಗಳ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ತಿಂಗಳು ತಿಂಗಳು ಕಟ್ಟುವುದೇ ವಾಸಿ. ಸರಿ ಬರಲಿಲ್ಲ ಅಂದರೆ ಗಂಟುಮೂಟೆ ಕಟ್ಟಬಹುದು. ಎಲ್ಲ ಡಾಕರ್‌ನಲ್ಲೇ (ಸಾಫ್ಟ್‌ವೇರನ್ನು ಡಬ್ಬಿಗೆ ತುಂಬಿದಂತೆ ಇಡುವ ವ್ಯವಸ್ಥೆ) ಇದ್ದರೆ ಸಾಗಿಸೋದು ಒಂದು ಸಂಜೆಯ ಕೆಲಸ.

ಬಾಡಿಗೆಗಿಂತ ಮೊದಲು ರ‍್ಯಾಮ್ ನೋಡಿ. ನಾನು 1 ಜಿಬಿ ತಗೊಂಡು, ಅದರೊಳಗೆ ಪೋಸ್ಟ್‌ಗ್ರೆಸ್ ಅನ್ನೋ ದೊಡ್ಡ ಡೇಟಾಬೇಸ್ ಕೂಡ ತುರುಕಿದೆ. ಒಂದು ದೊಡ್ಡ ಫೈಲ್ ಬಂದದ್ದೇ ತಡ, ಮೆಮೊರಿ ಸಾಲದೆ ಸರ್ವರ್ ನಡೆಸುವ ಲಿನಕ್ಸ್ ಎನ್‌ಏಟ್‌ಎನ್ ಅನ್ನೇ ಕೊಂದುಹಾಕಿತು. ಈಗ 2 ಜಿಬಿ, ಜೊತೆಗೆ 2 ಜಿಬಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ), ಡೇಟಾಬೇಸ್ ಮತ್ತೆ ಎಸ್‌ಕ್ಯೂಲೈಟೇ. ಆಲೆಮನೆಗೆ ಪೋಸ್ಟ್‌ಗ್ರೆಸ್ ಯಾಕೆ ಬೇಕಿತ್ತೋ ನನಗೂ ಗೊತ್ತಿಲ್ಲ. ಸರ್ವರ್ ಬೆಂಗಳೂರಿನಲ್ಲೇ ಇರಬೇಕು ಅಂತ ಹಟ ಹಿಡಿಯುವವರಿದ್ದಾರೆ. ಈ ಕೆಲಸಕ್ಕೆ ಅದೂ ಬೇಡ. ಮೆಸೇಜು ಅರ್ಧ ಸೆಕೆಂಡ್ ತಡವಾದರೆ ಬೆಲ್ಲ ಕರಗೋದಿಲ್ಲ.

ಇಷ್ಟಾದ ಮೇಲೂ 7 ಗಂಟೆಯ ಪಟ್ಟಿ ಸಂಜೆ 4.30ಕ್ಕೆ ಬಂತು. ಲಾರಿ ಹೋಗಿ ಎಷ್ಟು ಹೊತ್ತಾಗಿತ್ತೋ. ತಪ್ಪು ನನ್ನದೇ. ಟೈಮ್‌ಝೋನ್ ಹೇಳದಿದ್ದರೆ ಎನ್‌ಏಟ್‌ಎನ್ ನ್ಯೂಯಾರ್ಕ್ ಗಡಿಯಾರ ಹಿಡಿಯುತ್ತದೆ. ಏಷ್ಯಾ, ಕೋಲ್ಕತಾ ಅಂತ ಒಂದು ಸಾಲು ಹಾಕಿದ ಮೇಲೆ ಸರಿಹೋಯಿತು. ಭಾವ ಮಾತ್ರ ಇನ್ನೂ ನನ್ನನ್ನು "ಅಮೆರಿಕದವ್ರು" ಅಂತಲೇ ಕರೆಯೋದು.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ರಾತ್ರಿ ಬ್ಯಾಕಪ್ ತೆಗೆದು ಬೇರೆ ಕಡೆ ಇಟ್ಟರೆ ಸಾಲದು. ಎನ್‌ಏಟ್‌ಎನ್ ಮೊದಲ ಸಲ ಎದ್ದಾಗ ಒಂದು ಎನ್‌ಕ್ರಿಪ್ಷನ್ ಕೀ ಹುಟ್ಟಿಸುತ್ತದೆ. ಗೂಗಲ್, ಟೆಲಿಗ್ರಾಂ ಗುಟ್ಟುಗಳಿಗೆಲ್ಲ ಅದೇ ಬೀಗದ ಕೈ. ಅದು ಕಳೆದರೆ ಬ್ಯಾಕಪ್ ಇದ್ದರೂ ಆ ಗುಟ್ಟುಗಳು ತೆರೆಯೋದಿಲ್ಲ. ಎಲ್ಲವನ್ನೂ ಮತ್ತೆ ಕೈಯಾರೆ ಹಾಕಬೇಕು. ಸರ್ವರಿನ ಜೊತೆ ಅದೂ ಹೋಗಬಾರದು ಅಂತ, ಭಾವನ ಕಬ್ಬಿನ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ ಬರೆದಿಟ್ಟೆ.

ಮೊನ್ನೆ ಅಕ್ಕ ಆ ಪುಟ ನೋಡಿ ಫೋನ್ ಮಾಡಿದ್ದಳು. "ಏನ್ಲಾ ಇದು, ಮಾಟ ಗೀಟ ಮಾಡ್ಸಿದ್ದೀಯಾ?"