ಷರಾ: ಮಂಜು ಮುಸುಕಿತ್ತು

ಸಾಯುವುದರೊಳಗೆ ಮಾಡಿ ಮುಗಿಸಬೇಕಾದ ಕೆಲಸಗಳ ಪಟ್ಟಿಯನ್ನು ಇಪ್ಪತ್ತೆರಡನೆಯ ವಯಸ್ಸಿಗೇ ಬರೆಯಲು ಕೂರುವವರಿಗೆ ಒಂದೋ ಆಯುಷ್ಯದ ಮೇಲೆ ಅಪನಂಬಿಕೆ ಇರಬೇಕು, ಇಲ್ಲವೇ ಮರುದಿನ ಪರೀಕ್ಷೆ ಇರಬೇಕು. ನಮಗೆ ಮರುದಿನ ಪರೀಕ್ಷೆ ಇತ್ತು. ಮಾನಸಗಂಗೋತ್ರಿಯ ಹಾಸ್ಟೆಲುಗಳಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಊರಿನ ಹೆಸರೇ ಹೆಚ್ಚು ಚಲಾವಣೆಯಲ್ಲಿರುವುದರಿಂದ, ನಮ್ಮ ಐವರ ವಾಟ್ಸಾಪ್ ಗುಂಪಿನಲ್ಲಿ ಶಿರಸಿ, ಕೊಪ್ಪಳ ಮತ್ತು ನಾನು ತಿಪಟೂರು ಎಂಬ ಮೂವರು ಹುಡುಗಿಯರು, ಹುಣಸೂರು ಮತ್ತು ಗುಂಡ್ಲುಪೇಟೆ ಎಂಬ ಇಬ್ಬರು ಹುಡುಗರು ಇದ್ದೆವು. ‘ನಾವೂ ಒಂದು ಬಕೆಟ್ ಲಿಸ್ಟ್ ಮಾಡೋಣ’ ಎಂದು ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಕಿಡಿ ಹಾಕಿದವನು ಹುಣಸೂರು. ಅದನ್ನು ಕಡತವಾಗಿ ಮಾಡಿದವಳು ಶಿರಸಿ.

ಶಿರಸಿ ಓದುತ್ತಿದ್ದುದು ಸಂಖ್ಯಾಶಾಸ್ತ್ರ, ಅವಳ ತಂದೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಈ ಎರಡೂ ಗುಣಗಳು ಒಬ್ಬಳಲ್ಲೇ ಸೇರಿದರೆ ಏನಾಗುತ್ತದೆಂಬುದು ಬೆಳಗಾಗುವಷ್ಟರಲ್ಲಿ ಗೊತ್ತಾಯಿತು. ಎಲ್ಲರೂ ತಿದ್ದಬಹುದಾದ ಒಂದು ಗೂಗಲ್ ಶೀಟನ್ನು ಅವಳು ತೆರೆದಿದ್ದಳು. ಅದರಲ್ಲಿ ಕ್ರಮಸಂಖ್ಯೆ, ವಿವರ, ಅಂದಾಜು ವೆಚ್ಚ, ಸಾಕ್ಷ್ಯ ಎಂಬ ಕಲಮುಗಳಿದ್ದವು, ಸರ್ಕಾರಿ ರಿಜಿಸ್ಟರುಗಳ ಬಲತುದಿಯಲ್ಲಿ ತಪ್ಪದೆ ಇರುವ ‘ಷರಾ’ ಎಂಬ ಕಲಮೂ ಇತ್ತು. ಐವರೂ ಮಾಡಿದ್ದರೆ ಮಾತ್ರ ಕೆಲಸ ಆದಂತೆ. ಫೋಟೋ ಗುಂಪಿಗೆ ಬರಬೇಕು. ಅದನ್ನು ಪರಿಶೀಲಿಸಿ ಹಸಿರು ಗುರುತು ಹಾಕುವ ಅಧಿಕಾರ ಶಿರಸಿಗೆ ಮಾತ್ರ. ಯಾವ ಊರು ಪಟ್ಟಿಗೆ ಸೇರಬೇಕೆಂಬ ಚರ್ಚೆ ಪರೀಕ್ಷೆ ಮುಗಿದ ಮೇಲೂ ಮುಗಿಯಲಿಲ್ಲ. ಹಂಪಿ ಎಂದು ನಾವು ನಾಲ್ವರು ಒಕ್ಕೊರಲಿನಿಂದ ಬರೆದರೆ ಕೊಪ್ಪಳ, ‘ಅದು ನಮ್ಮ ಅಜ್ಜಿ ಊರಿಗೆ ಹೋಗೋ ದಾರ್ಯಾಗ ಐತಿ, ಅದ್ಕ ಯಾಕ ಲಿಸ್ಟು?’ ಎಂದು ಹೊಡೆದುಹಾಕಿದಳು. ಅವಳ ಆಸೆ ಇದ್ದುದು ಜೋಗದ ಮೇಲೆ. ಶಿರಸಿಗೋ, ಮನೆಗೆ ನೆಂಟರು ಬಂದಾಗಲೆಲ್ಲ ಜೋಗ ತೋರಿಸಲು ಹೋಗಿ ಹೋಗಿ ಅದು ಮನೆಗೆಲಸದ ಒಂದು ಭಾಗವೇ ಆಗಿಬಿಟ್ಟಿತ್ತು.

ಮೊದಲನೆಯ ಕ್ರಮಸಂಖ್ಯೆಯಲ್ಲೇ ವಿಚಾರಣೆ ನಡೆಸಬೇಕಾಗಿ ಬಂತು. ಚಾಮುಂಡಿ ಬೆಟ್ಟವನ್ನು ಸೂರ್ಯೋದಯಕ್ಕೆ ಮುನ್ನ ಮೆಟ್ಟಿಲ ದಾರಿಯಲ್ಲಿ ಹತ್ತುವುದು ಎಂದು ಬರೆದಿದ್ದೆವು. 17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಆಳ್ವಿಕೆಯಲ್ಲಿ ಆದ ಈ ಮೆಟ್ಟಿಲುಗಳು ಸಾವಿರದಷ್ಟಿವೆ ಎಂಬುದನ್ನು ನಾವು ಓದಿಕೊಂಡಿದ್ದೆವೇ ಹೊರತು ಮೊಣಕಾಲಿಗೆ ತಿಳಿಸಿರಲಿಲ್ಲ. ಇನ್ನೂ ಕತ್ತಲಿರುವಾಗ ಪಾದದ ಬಳಿ ಸೇರಿ, ಬರುತ್ತೇನೆಂದು ಹೇಳಿ ಫೋನೆತ್ತದ ಹುಣಸೂರಿನವನನ್ನು ಬೈದುಕೊಂಡು ನಾಲ್ವರೇ ಹೊರಟೆವು. ನಮ್ಮ ಜೊತೆಯಲ್ಲೇ ಐವತ್ತು ದಾಟಿದ ಹೆಂಗಸೊಬ್ಬರು ಹರಕೆ ಹೊತ್ತು, ಒಂದು ಕೈಯಲ್ಲಿ ಬಟ್ಟಲು ಹಿಡಿದು, ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಹತ್ತಲು ಶುರುಮಾಡಿದರು. ಪಾಪ, ಇವರು ಯಾವಾಗ ತಲುಪುತ್ತಾರೋ ಎಂದು ಗುಂಡ್ಲುಪೇಟೆ ಮರುಗಿದ. ನಾವು ಮೊದಲ ಬಾರಿ ಕುಳಿತಾಗ ಅವರು ನಮ್ಮನ್ನು ದಾಟಿದರು. ಎರಡನೆಯ ಬಾರಿ ಕುಳಿತು ಎದ್ದಾಗ ಅವರ ಕುಂಕುಮ ಮಾತ್ರ ಕಾಣುತ್ತಿತ್ತು, ಅವರು ಕಾಣುತ್ತಿರಲಿಲ್ಲ.

ಏದುಸಿರು ಬಿಡುತ್ತ ನಂದಿಯ ಬಳಿಗೆ ಬಂದರೆ, ಅಲ್ಲಿ ಹುಣಸೂರು ಆಗ ತಾನೇ ಸ್ನಾನ ಮುಗಿಸಿ ಬಂದವನಂತೆ ನಿಂತಿದ್ದ. ನಮಗಿಂತ ಮೊದಲೇ ಹತ್ತಿ ಬಂದೆನೆಂದು ಅವನು ಸಾಧಿಸಿದ, ಗುಂಪಿಗೆ ಆಗಲೇ ಫೋಟೋ ಹಾಕಿಯೂ ಆಗಿತ್ತು. ಆದರೆ 15 ಅಡಿಗೂ ಮಿಕ್ಕಿದ ಎತ್ತರದ ಏಕಶಿಲೆಯ ನಂದಿಯನ್ನು ಪೂರ್ತಿಯಾಗಿ ಹಿಡಿಯಬೇಕೆಂದರೆ ಸಾಕಷ್ಟು ಹಿಂದಕ್ಕೆ ಸರಿಯಬೇಕಾಗುತ್ತದೆ, ಹಾಗೆ ಸರಿದಾಗ ಚಿತ್ರದ ಮೂಲೆಯಲ್ಲಿ ಬೇಡದ ವಸ್ತುಗಳೂ ಸೇರಿಕೊಳ್ಳುತ್ತವೆ. ಅವನ ಫೋಟೋದಲ್ಲಿ ಒಂದು ಹೆಲ್ಮೆಟ್ಟಿತ್ತು. ನಂದಿಯವರೆಗೆ ಡಾಂಬರು ರಸ್ತೆಯಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಶಿರಸಿ ವಿವರಣೆ ಕೇಳಿದಳು. ‘ಮೆಟ್ಲು ಹತ್ತೋವ್ರು ಹೆಲ್ಮೆಟ್ ಹಾಕಬಾರ್ದು ಅಂತ ಎಲ್ಲಿ ಬರ್ದದೆ? ಕೋತಿ ಕಾಟ ನೋಡಿಲ್ವಾ?’ ಎಂಬುದು ಅವನ ಉತ್ತರ. ಉತ್ತರದ ಪ್ರತಿಭೆಯನ್ನು ನಾವೆಲ್ಲ ಮೆಚ್ಚಿದೆವು. ಅಂದು ಸಂಜೆ ಷರಾ ಕಲಮಿನಲ್ಲಿ ಹೀಗಿತ್ತು: ‘ಒಬ್ಬ ಸದಸ್ಯರು ವಾಹನ ಬಳಸಿರುವುದು ಕಂಡುಬಂದಿದೆ. ಕಡತ ಬಾಕಿ.’

ಅರಮನೆಯ ದೀಪ ಹೊತ್ತಿಕೊಳ್ಳುವ ಕ್ಷಣವನ್ನು ವಿಡಿಯೋದಲ್ಲಿ ಹಿಡಿಯುವ ಕೆಲಸ ಗುಂಡ್ಲುಪೇಟೆಯದು. ಭಾನುವಾರ ಸಂಜೆ 7ಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬುಗಳು ಒಮ್ಮೆಗೇ ಹೊತ್ತಿಕೊಳ್ಳುವುದನ್ನು ಹಿಡಿಯಲು ಅವನು ಮುಂಚಿತವಾಗಿಯೇ ಜಾಗ ಹಿಡಿದು, ಕೈ ನಡುಗದಂತೆ ಮೊಣಕೈಯನ್ನು ಹುಣಸೂರಿನ ಹೆಗಲಿಗೆ ಊರಿ ನಿಂತ. ವಿಡಿಯೋದಲ್ಲಿ ಕತ್ತಲ ಅರಮನೆ ಬಹಳ ಸ್ಪಷ್ಟವಾಗಿ ಮೂಡಿದೆ. ಜನ ‘ಓ’ ಎನ್ನುವುದಕ್ಕೂ ಪರದೆಯ ಮೇಲೆ ‘ಅಮ್ಮ’ ಎಂದು ಮೂಡುವುದಕ್ಕೂ ಸರಿಹೋಯಿತು. ಊಟ ಆಯಿತೇ ಎಂದು ಕೇಳಲು ಮಾಡಿದ್ದರಂತೆ. ಏಳು ಗಂಟೆಗೆ ಯಾರ ಊಟವಾಗಿರುತ್ತದೆ? ಅಮ್ಮಂದಿರ ಈ ಪ್ರಶ್ನೆಗೂ ಊಟಕ್ಕೂ ಸಂಬಂಧವಿಲ್ಲವೆಂದು ನನಗೆ ಬಹಳ ಕಾಲದಿಂದ ಅನುಮಾನವಿದೆ.

ಇಷ್ಟರಲ್ಲಿ ಇನ್ನೊಂದು ಅನಾಹುತವಾಯಿತು. ನಮ್ಮ ಗುಂಪಿಗೆ ಕಳಿಸಬೇಕಾದ ಶೀಟಿನ ಕೊಂಡಿಯನ್ನು ಶಿರಸಿ ಅವಸರದಲ್ಲಿ ತನ್ನ ಮನೆಯವರ ಗುಂಪಿಗೆ ಕಳಿಸಿಬಿಟ್ಟಳು. ಕೊಂಡಿ ಇದ್ದವರೆಲ್ಲ ತಿದ್ದಬಹುದಾದ ಶೀಟು ಅದು. ಲಾಗಿನ್ ಆಗದೆ ಒಳಗೆ ಬಂದವರಿಗೆ ಗೂಗಲ್ ಒಂದೊಂದು ಪ್ರಾಣಿಯ ಹೆಸರು ಕೊಡುತ್ತದೆ. ಒಂದು ಮಧ್ಯಾಹ್ನ ‘ಅನಾಮಧೇಯ ಘೇಂಡಾಮೃಗ’ವೊಂದು ಪಟ್ಟಿಯ ಮೇಲಿಂದ ಕೆಳಕ್ಕೆ ನಿಧಾನವಾಗಿ ಓಡಾಡುವುದನ್ನು ನಾವೆಲ್ಲ ಬೇರೆ ಬೇರೆ ಕ್ಲಾಸುಗಳಲ್ಲಿ ಕುಳಿತು ಫೋನಿನಲ್ಲಿ ನೋಡಿದೆವು. ಅದು ಹೊರಟುಹೋದ ಮೇಲೆ ಪಟ್ಟಿಗೆ ಹೊಸ ಕ್ರಮಸಂಖ್ಯೆಗಳು ಸೇರಿದ್ದವು. ‘ನೆಟ್ ಪರೀಕ್ಷೆ ಪಾಸು ಮಾಡುವುದು.’ ‘ಅದಾಗದಿದ್ದರೆ ಕೆ-ಸೆಟ್.’ ‘ಅಡಿಕೆ ಕೊಯ್ಲಿಗೆ ಊರಿಗೆ ಬಂದು ಸೋದರಮಾವನಿಗೆ ನೆರವಾಗುವುದು.’ ಕೊನೆಯದರ ಅಂದಾಜು ವೆಚ್ಚದಲ್ಲಿ ‘ಇಲ್ಲ’ ಎಂದೂ, ಸಾಕ್ಷ್ಯದಲ್ಲಿ ‘ಬೇಕಿಲ್ಲ, ನಾನೇ ಇರುತ್ತೇನೆ’ ಎಂದೂ ಇದ್ದುದರಿಂದ ಘೇಂಡಾಮೃಗ ಯಾರೆಂದು ಊಹಿಸುವುದು ಕಷ್ಟವಾಗಲಿಲ್ಲ. ಜೋಗದ ಎದುರಿನ ಷರಾದಲ್ಲಿಯೂ ಒಂದು ಸಾಲಿತ್ತು: ‘ಮಳೆಗಾಲದಲ್ಲಿ ಖಂಡಿತ ಬೇಡ.’

ನಾವು ಮಳೆಗಾಲದಲ್ಲಿಯೇ ಹೋದೆವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ರಾಜ್ಯದಲ್ಲಿ ಬಕೆಟ್ ಲಿಸ್ಟುಗಳ ಅರ್ಥವ್ಯವಸ್ಥೆಯೇ ಬದಲಾಗಿದೆ. ನಮ್ಮ ಮೂವರ ಅಂದಾಜು ವೆಚ್ಚದಲ್ಲಿ ಶಿರಸಿ ಸೊನ್ನೆ ಬರೆದಳು. ಹುಡುಗರ ಟಿಕೆಟ್ಟಿನ ಹಣವನ್ನು ಐದು ಪಾಲು ಮಾಡೋಣವೆಂಬ ಹುಣಸೂರಿನ ಸೂಚನೆಗೆ ಅನುಮೋದಕರು ಸಿಗಲಿಲ್ಲ. ರಾಜಹಂಸ, ಐರಾವತಗಳಿಗೆ ಯೋಜನೆ ಅನ್ವಯಿಸದ ಕಾರಣ ಕೆಂಪು ಬಸ್ಸೇ ಗತಿ. ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ ಎಂದು ಅದು ಊರೂರಿಗೂ ಹಾಜರಿ ಹಾಕುತ್ತ ಶಿವಮೊಗ್ಗ ಮುಟ್ಟುವವರೆಗೆ, ದುಡ್ಡು ಕೊಟ್ಟ ಇಬ್ಬರು ಬಹುಪಾಲು ನಿಂತೇ ಇದ್ದರು, ಕೊಡದ ಮೂವರು ಕಿಟಕಿಯ ಪಕ್ಕ ಕುಳಿತು ಅವರ ಬ್ಯಾಗುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸಹಕರಿಸಿದೆವು.

ಶರಾವತಿ 830 ಅಡಿ ಧುಮುಕುವ ಜಾಗದೆದುರು ನಿಂತಾಗ ನಮಗೆ ಕಂಡದ್ದು ಬಿಳುಪು. ರಾಜನಿಲ್ಲ, ರಾಣಿಯಿಲ್ಲ, ರೋರರ್ ಮತ್ತು ರಾಕೆಟ್‌ಗಳ ಸುಳಿವೂ ಇಲ್ಲ. ಕಂಬಿಯಿಂದಾಚೆಗೆ ಪ್ರಪಂಚವೇ ಇರಲಿಲ್ಲ. ಆದರೆ ಸದ್ದು ಮಾತ್ರ ಎದೆಗೂಡಿಗೇ ಬಡಿಯುವಂತಿತ್ತು. ಮಂಜು ಸರಿಯುತ್ತದೆಂದು ಕಾದೆವು, ಕೊಡೆ ತಿರುವಿಹೋಯಿತು, ಚೂಡಿದಾರದ ಅಂಚಿನಿಂದ ನೀರು ತೊಟ್ಟಿಕ್ಕತೊಡಗಿತು. ಇದು ಸರಿಯುವುದಿಲ್ಲವೆಂದು ತೀರ್ಮಾನಿಸಿದ ಕೊಪ್ಪಳ, ಬಿಸಿ ಬಿಸಿ ಮುಸುಕಿನ ಜೋಳವನ್ನಾದರೂ ತರುತ್ತೇನೆಂದು ಅಂಗಡಿಯ ಕಡೆ ನಡೆದಳು. ಅವಳ ಬೆನ್ನು ತಿರುಗಿದ್ದೇ ತಡ, ಯಾರೋ ಹಗ್ಗ ಎಳೆದಂತೆ ಮಂಜು ಎರಡು ಪಾಲಾಯಿತು. ನಾಲ್ಕೂ ಧಾರೆಗಳು ಕೆಂಪು ಮಣ್ಣಿನ ಬಣ್ಣದಲ್ಲಿ, ಮೇಲಿನ ಅಂಚಿನಿಂದ ತಳದವರೆಗೆ ಕಂಡವು. ನಾವು ಕೂಗಿದೆವು. ಜೋಗದ ಮುಂದೆ ನಮ್ಮ ಕೂಗು ಯಾವ ಲೆಕ್ಕ? ಖಾರ ಉಪ್ಪು ಹಚ್ಚಿದ ತೆನೆಗಳನ್ನು ಎರಡೂ ಕೈಯಲ್ಲಿ ಹಿಡಿದು ಅವಳು ಬರುವಷ್ಟರಲ್ಲಿ ಮತ್ತೆ ಬಿಳುಪು.

ಕೊಪ್ಪಳ ಅಳಲಿಲ್ಲ, ಜೋಳವನ್ನೂ ಹಂಚಲಿಲ್ಲ. ಸಾಗರದ ಬಸ್ಸಿಗೆ ಹೊತ್ತಾಗುವವರೆಗೆ ಕಂಬಿ ಹಿಡಿದು ನಿಂತು ಒಂದೊಂದೇ ತೆನೆ ಮುಗಿಸಿದಳು. ಕೊನೆಗೆ, ‘ನೀವ್ಯಾರೂ ನೋಡಿಲ್ಲ ಅಂತ ಬರೀಬೇಕು’ ಎಂದು ಶಿರಸಿಗೆ ತಾಕೀತು ಮಾಡಿದಳು. ನೋಡಿದ್ದನ್ನು ನೋಡಿಲ್ಲವೆಂದು ದಾಖಲಿಸುವುದು ಹೇಗೆಂದು ಭದ್ರಾವತಿಯವರೆಗೂ ವಾದ ನಡೆಯಿತು. ಸಾಕ್ಷ್ಯವಂತೂ ಅವಳ ಪರವಾಗಿಯೇ ಇತ್ತು. ಆ ಅರೆನಿಮಿಷದಲ್ಲಿ ಬಾಯಿ ತೆರೆದು ನಿಂತಿದ್ದ ನಾವ್ಯಾರೂ ಫೋನು ತೆಗೆದಿರಲಿಲ್ಲ. ಇದ್ದ ಫೋಟೋಗಳಲ್ಲೆಲ್ಲ ಹಿನ್ನೆಲೆ ಅಚ್ಚ ಬಿಳುಪು. ಅದನ್ನು ಕಂಡ ಹುಣಸೂರಿನ ತಂದೆಯವರು, ಯಾವ ಅರ್ಜಿಗೆ ಫೋಟೋ ತೆಗೆಸಿದೆ ಎಂದು ಕೇಳಿದರಂತೆ. ಶಿರಸಿ ಷರಾ ಬರೆದಳು: ‘ಮಂಜು ಮುಸುಕಿತ್ತು. ಜೋಳ ಚೆನ್ನಾಗಿತ್ತು ಎಂದು ಒಬ್ಬ ಸದಸ್ಯರ ಹೇಳಿಕೆ.’

ಅದರ ಕೆಳಗೆ ಮರುದಿನವೇ ಘೇಂಡಾಮೃಗದ ಸಾಲು ಬಂತು: ‘ಜೋಗದವರೆಗೆ ಬಂದವರು ಮನೆಗೇಕೆ ಬರಲಿಲ್ಲ?’ ನಮ್ಮ ಕಡೆ ಇದಕ್ಕೆ ಸರಿಯಾದ ಉತ್ತರವಿಲ್ಲ. ಹತ್ತಿರಕ್ಕೆ ಬಂದು ಮನೆಗೆ ಬಾರದೆ ಹೋಗುವುದು, ಬಾರದೆಯೇ ಇರುವುದಕ್ಕಿಂತ ದೊಡ್ಡ ಅಪರಾಧ. ಆದ್ದರಿಂದ ಚಳಿಗಾಲದ ರಜೆಯಲ್ಲಿ, ಸರಿಯಾಗಿ ಅಡಿಕೆ ಕೊಯ್ಲಿನ ಹೊತ್ತಿಗೆ, ಐವರೂ ಮಾವನ ಮನೆಯಲ್ಲಿ ಹಾಜರಾದೆವು. ಅಪ್ಪೆಹುಳಿ, ತಂಬುಳಿಗಳ ಊಟವಾದ ಮೇಲೆ ನಮ್ಮನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿ ಅಡಿಕೆ ಸುಲಿಯಲು ಕೊಟ್ಟರು. ಪಕ್ಕದ ಮನೆಯ ಅಜ್ಜಿ ಕಣ್ಣು ಬೇರೆಲ್ಲೋ ಇಟ್ಟು, ಮಾತನಾಡುತ್ತಲೇ ಒಂದು ಡಬ್ಬಿ ತುಂಬಿಸುವಷ್ಟರಲ್ಲಿ ಹುಣಸೂರಿನವನ ಮುಂದೆ ಎಣಿಸಬಹುದಾದಷ್ಟು ಅಡಿಕೆ ಮತ್ತು ಅವನ ಬೆರಳಿನ ಬ್ಯಾಂಡೇಜು ಬಿದ್ದಿದ್ದವು. ಮಾವ ಅದನ್ನೆಲ್ಲ ನೋಡಿ, ಶಿರಸಿಯ ಅಧಿಕಾರವನ್ನು ಲೆಕ್ಕಿಸದೆ, ತಾವೇ ಫೋನು ತೆಗೆದು ಆ ಕ್ರಮಸಂಖ್ಯೆಗೆ ಹಸಿರು ಗುರುತು ಹಾಕಿದರು. ನಮ್ಮ ಪಟ್ಟಿಯ ಮೊದಲ ಹಸಿರು ಅದೇ.

ಕೊಪ್ಪಳ ಸಮಯ ನೋಡಿ, ‘ಮಾವಾರ, ಇಲ್ಲಿಂದ ಜೋಗಕ್ಕ ಮುಂಜಾನೆ ಬಸ್ ಅದಾವೇನ್ರಿ?’ ಎಂದು ಕೇಳಿದಳು.

‘ಈಗ ಹೋಗಿ ಏನು ನೋಡ್ತೀಯೇ ತಂಗಿ? ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿದೆ. ಜೋಗ ನೋಡುವುದಿದ್ದರೆ ಮಳೆಗಾಲದಲ್ಲಿ ಬರಬೇಕು.’

ಶಿರಸಿ ಮಾತಾಡದೆ ಶೀಟು ತೆರೆದು, ‘ಮಳೆಗಾಲದಲ್ಲಿ ಖಂಡಿತ ಬೇಡ’ ಎಂಬ ಸಾಲನ್ನು ದೊಡ್ಡದು ಮಾಡಿ ಅವರ ಮುಂದೆ ಹಿಡಿದಳು. ಮಾವ ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಜೇಬಿಗಿಟ್ಟರು, ಕವಳದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ಅದು ನಾನು ಬರೆದದ್ದಲ್ಲ. ಯಾವುದೋ ಘೇಂಡಾಮೃಗ ಬರೆದದ್ದು ಅಂತ ನೀವೇ ಹೇಳಿದ್ದಿರಲ್ಲ, ಅದನ್ನೇ ಕೇಳಿ.’