ನಾಳೆಗೆ ಎಷ್ಟು ಹಿಟ್ಟು? ಭಟ್ಟರು ಹೇಳಬೇಕೋ, ಎಐ ಹೇಳಬೇಕೋ?

ಮುಂಬಯಿಯ ಮಾಟುಂಗಾದಿಂದ ಡೊಂಬಿವಲಿಯವರೆಗೆ ನಮ್ಮವರ ಹೋಟೆಲುಗಳಲ್ಲಿ ದಿನಾ ಒಂದು ತೀರ್ಮಾನ ಆಗಲೇಬೇಕು. ನಾಳೆಗೆ ಎಷ್ಟು ಅಕ್ಕಿ, ಎಷ್ಟು ಉದ್ದು ನೆನೆಹಾಕುವುದು? ಅಡುಗೆ ಭಟ್ಟರು ಒಂದು ಅಂದಾಜು ಹೇಳುತ್ತಾರೆ, ಗಲ್ಲೆಯಲ್ಲಿ ಕೂತವರು ತಲೆಯಾಡಿಸುತ್ತಾರೆ. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು ಬಂದು ಈ ಅಂದಾಜನ್ನೂ ಎಐ ಮಾಡಿಕೊಡುತ್ತದೆ ಎನ್ನುತ್ತಿದ್ದಾರೆ. ಒಪ್ಪಿಸಿಬಿಡಬಹುದಾ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಲೆಕ್ಕ ಯಂತ್ರಕ್ಕೆ ಬಿಡಿ

ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಓದಿದವರಿಗೆ ಇದು ತೀರಾ ಹಳೆಯ ಸಮಸ್ಯೆ. ನ್ಯೂಸ್‌ವೆಂಡರ್ ಸಮಸ್ಯೆ ಎನ್ನುತ್ತಾರೆ. ಪೇಪರ್ ಮಾರುವವನು ಕಡಿಮೆ ಪ್ರತಿ ತಂದರೆ ಗಿರಾಕಿ ವಾಪಸ್, ಜಾಸ್ತಿ ತಂದರೆ ರದ್ದಿ. ಬ್ಯಾಂಕು ಎಷ್ಟು ನಗದು ಇಟ್ಟುಕೊಳ್ಳಬೇಕು ಎಂದು ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲೇ ಇದೇ ಬಗೆಯ ಲೆಕ್ಕ ಹಾಕಿದ್ದರು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಪ್ಲೇಟ್ ಇಡ್ಲಿ ಇಲ್ಲ ಎಂದರೆ 30 ರೂಪಾಯಿ ಲಾಭ ಹೋಯಿತು, ಒಂದು ಪ್ಲೇಟ್ ಉಳಿದರೆ 10 ರೂಪಾಯಿ ನಷ್ಟ ಅಂತಿಟ್ಟುಕೊಳ್ಳಿ. 30ನ್ನು ಎರಡರ ಮೊತ್ತವಾದ 40ರಿಂದ ಭಾಗಿಸಿ. 75% ಬರುತ್ತದೆ. ಅಂದರೆ ನಾಲ್ಕರಲ್ಲಿ ಮೂರು ದಿನ ಸಾಕಾಗುವಷ್ಟು ಮಾಡಬೇಕು. ನಾಲ್ಕನೇ ದಿನ ಇಡ್ಲಿ ಖಾಲಿಯಾದರೆ ಅದು ಯಾರ ತಪ್ಪೂ ಅಲ್ಲ. ಆದರೆ ಖಾಲಿಯಾದ ದಿನ ಭಟ್ಟರು ಬೈಸಿಕೊಳ್ಳುತ್ತಾರೆ, ಇಡ್ಲಿ ಮಿಕ್ಕಿದ ದಿನವೂ ಬೈಸಿಕೊಳ್ಳುತ್ತಾರೆ. ಹಾಗಾಗಿ ಅವರು ನಿಧಾನಕ್ಕೆ ನಡುವಿನ ಅಂಕಿಗೆ ಬಂದು ನಿಲ್ಲುತ್ತಾರೆ.

ಭಟ್ಟರೊಬ್ಬರೇ ಹೀಗಲ್ಲ. ಶ್ವೈಟ್ಜರ್ ಮತ್ತು ಕಶೋನ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಓದಿದ ಜನರೂ ಲಾಭ ಜಾಸ್ತಿ ಇರುವ ಮಾಲನ್ನು ಬೇಕಾದದ್ದಕ್ಕಿಂತ ಕಡಿಮೆ, ಲಾಭ ಕಡಿಮೆ ಇರುವುದನ್ನು ಬೇಕಾದದ್ದಕ್ಕಿಂತ ಜಾಸ್ತಿ ತರಿಸಿದರು. ಸರಾಸರಿಯ ಕಡೆಗೆ ಮನಸ್ಸು ಜಾರುತ್ತದೆ. ಯಂತ್ರಕ್ಕೆ ಬೈಗುಳದ ಭಯವಿಲ್ಲ.

ಹೊಸ ಸಂಶೋಧನೆ ಇನ್ನೂ ಮುಂದೆ ಹೋಗಿದೆ. ಗಾ-ಯಿ ಬಾನ್ ಮತ್ತು ಸಿಂಥಿಯಾ ರೂಡಿನ್ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬ್ರಿಟನ್ನಿನ ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದ ಡೇಟಾ ತೆಗೆದುಕೊಂಡರು. ಎಷ್ಟು ನರ್ಸ್‌ಗಳು ಬೇಕು ಎಂಬುದೂ ಇಡ್ಲಿ ಹಿಟ್ಟಿನ ಪ್ರಶ್ನೆಯೇ. ಮೊದಲು ಬೇಡಿಕೆ ಊಹಿಸಿ ಆಮೇಲೆ ತೀರ್ಮಾನಿಸುವ ಬದಲು, ವಾರ, ಹೊತ್ತು ಇತ್ಯಾದಿ ವಿವರಗಳಿಂದ ನೇರವಾಗಿ ತೀರ್ಮಾನವನ್ನೇ ಕಲಿಯುವ ವಿಧಾನ ಅವರದು. ಆಗಿನ ಒಳ್ಳೆಯ ವಿಧಾನಕ್ಕಿಂತ ವೆಚ್ಚ ಸುಮಾರು 24% ಕಡಿಮೆಯಾಯಿತು. ನಮ್ಮಲ್ಲಿ ಅಂಥ ವಿವರಗಳಿಗೆ ಬರವೇ? ಮಳೆ, ಭಾನುವಾರದ ಮೆಗಾಬ್ಲಾಕ್ (ರಿಪೇರಿಗಾಗಿ ಲೋಕಲ್ ರೈಲು ನಿಲ್ಲಿಸುವುದು), ಸಂಕಷ್ಟಿ, ಐಪಿಎಲ್, ಶಾಲೆಯ ರಜೆ. ಸಂಕಷ್ಟಿ ದಿನ ಸಾಬುದಾಣಾ ಖಿಚಡಿ ಓಡುತ್ತದೆ ಎಂದು ಎಲ್ಲರಿಗೂ ಗೊತ್ತು. ಸಂಕಷ್ಟಿ, ಮಳೆ, ಮೆಗಾಬ್ಲಾಕ್ ಮೂರೂ ಒಂದೇ ದಿನ ಬಿದ್ದರೆ? ಅದನ್ನು ತಲೆಯಲ್ಲೇ ಲೆಕ್ಕ ಹಾಕುವ ಭಟ್ಟರು ಅಪರೂಪ.

ಮತ್ತೆ, ಅಂಥ ಭಟ್ಟರು ಮೇ ತಿಂಗಳಲ್ಲಿ ಊರಿಗೆ ಹೋಗುತ್ತಾರೆ. ಕೆಲವರು ವಾಪಸ್ ಬರುವುದಿಲ್ಲ. ಅವರ ಅಂದಾಜೂ ಅವರ ಜೊತೆಗೇ ಊರಿಗೆ ಹೋಗುತ್ತದೆ. ಪವಾಯಿಯ ಮ್ಯಾನೇಜ್‌ಮೆಂಟ್ ಸಂಸ್ಥೆ ನೀಟಿ 2023ರಲ್ಲಿ ಐಐಎಂ ಮುಂಬಯಿ ಆಯಿತು. ಹೋಟೆಲು ಮನೆಯ ಮಕ್ಕಳು ಇಂಥ ಕಡೆ ಓದಿ, ಆಮೇಲೆ ಯಾರದೋ ಗೋದಾಮಿನ ಲೆಕ್ಕ ಮಾಡಲು ಹೋಗುತ್ತಾರೆ. ಅಪ್ಪನ ಗಲ್ಲೆಯ ಲೆಕ್ಕಕ್ಕೆ ಯಾಕೆ ಬೇಡ?

ವಿರೋಧ: ಬಿಲ್ಲು ಎಲ್ಲವನ್ನೂ ಹೇಳುವುದಿಲ್ಲ

ಮೊದಲು ಒಂದು ಸಾಮಾನ್ಯ ವಾದವನ್ನು ಪಕ್ಕಕ್ಕಿಡೋಣ. ಕಂಪ್ಯೂಟರ್ ಇಲ್ಲದೆ, ಮನೆಯೂಟವನ್ನು ಆಫೀಸಿಗೆ ಮುಟ್ಟಿಸುವ ಡಬ್ಬಾವಾಲಾಗಳು ಗೆದ್ದಿದ್ದಾರೆ, ಹಾರ್ವರ್ಡ್‌ನವರೇ 2010ರಲ್ಲಿ ಬಂದು ಬರೆದುಕೊಂಡು ಹೋದರು ಎಂದು ಹೇಳುವವರಿದ್ದಾರೆ. ಆದರೆ ಡಬ್ಬಾಗಳು ಎಷ್ಟು ಎಂದು ಅಲ್ಲಿ ಮೊದಲೇ ಗೊತ್ತು. ಅಂದಾಜಿನ ಮಾತೇ ಇಲ್ಲ. ಆ ಉದಾಹರಣೆ ನಮಗೆ ಉಪಯೋಗಕ್ಕೆ ಬಾರದು.

ನಿಜವಾದ ತೊಂದರೆ ಡೇಟಾದಲ್ಲಿದೆ. ಬಿಲ್ಲಿನಲ್ಲಿ ಇರುವುದು ಮಾರಿದ ಲೆಕ್ಕ, ಬೇಕಾಗಿದ್ದ ಲೆಕ್ಕ ಅಲ್ಲ. ಒಂಬತ್ತೂವರೆಗೆ ಇಡ್ಲಿ ಖಾಲಿಯಾಯಿತು. ಆಮೇಲೆ ಕೇಳಿದವರು ಉಪ್ಪಿಟ್ಟು ತಿಂದರು, ಇಲ್ಲವೇ ಎದುರಿನ ಹೋಟೆಲಿಗೆ ಹೋದರು. ಯಂತ್ರದ ಕಣ್ಣಿಗೆ ಆ ದಿನ ಇಡ್ಲಿಗೆ ಬೇಡಿಕೆ ಅಷ್ಟೇ. ನಾಳೆ ಅಷ್ಟೇ ಮಾಡಿ ಎನ್ನುತ್ತದೆ, ನಾಳೆಯೂ ಬೇಗ ಖಾಲಿ. ಇದಕ್ಕೆ ಪರಿಹಾರ ಸಂಶೋಧಕರ ಹತ್ತಿರ ಇದೆ, ಖಾಲಿಯಾದ ಹೊತ್ತನ್ನು ಬರೆದಿಟ್ಟಿದ್ದರೆ. ಬೆಳಗಿನ ರಶ್‌ನಲ್ಲಿ ಅದನ್ನು ಬರೆಯುವವರು ಯಾರು?

ಡಿಹೊರೇಷಿಯಸ್ ಮತ್ತು ರಾಮನ್ ಎಂಬ ಸಂಶೋಧಕರು 2008ರಲ್ಲಿ ಒಂದು ಕಂಪನಿಯ 37 ಅಂಗಡಿಗಳ ಸುಮಾರು 3,70,000 ಸ್ಟಾಕ್ ದಾಖಲೆ ನೋಡಿದರು. 65% ದಾಖಲೆಗಳು ನಿಜವಾದ ಸ್ಟಾಕಿಗೆ ತಾಳೆಯಾಗಲಿಲ್ಲ. ಬಾರ್‌ಕೋಡ್ ಇರುವ ಅಂಗಡಿಗಳ ಗತಿ ಇದು. ಹುಡುಗರ ಊಟ, ನೆಂಟರ ಪಾರ್ಸೆಲ್, ಪರಿಚಯದವರಿಗೆ ಕೊಟ್ಟ ಚಹಾ, ಇವು ಯಾವುದೂ ಬಿಲ್ಲಿಗೇ ಬಾರದ ನಮ್ಮ ಹೋಟೆಲಿನ ಗತಿ ಏನು?

ಇನ್ನು ಆ 10 ರೂಪಾಯಿ ನಷ್ಟ. ಪೇಪರ್ ರದ್ದಿಯಾಗುತ್ತದೆ, ಹಿಟ್ಟು ಆಗುವುದಿಲ್ಲ. ಇಡ್ಲಿಗೆ ಆಗದ ಹಿಟ್ಟು ದೋಸೆಗೆ ಆಗುತ್ತದೆ, ಹುಳಿ ಜಾಸ್ತಿಯಾದರೆ ಈರುಳ್ಳಿ ಹಾಕಿ ಉತ್ತಪ್ಪ. ಚಟ್ನಿಗೆ ಆ ಭಾಗ್ಯ ಇಲ್ಲ, ಸಂಜೆಗೇ ಚೆಲ್ಲಬೇಕು. ಮೇ ತಿಂಗಳ ಸೆಕೆಯಲ್ಲಿ ಹಿಟ್ಟು ಎಷ್ಟು ಹೊತ್ತು ತಡೆಯುತ್ತದೆ, ಡಿಸೆಂಬರಿನಲ್ಲಿ ಎಷ್ಟು ಹೊತ್ತು? ಸೂತ್ರದಲ್ಲಿ ಇದಕ್ಕೆಲ್ಲ ಜಾಗ ಇದೆ. ತುಂಬಬೇಕಾದ ಅಂಕಿ ಮಾತ್ರ ಭಟ್ಟರ ಮೂಗಿನಲ್ಲಿದೆ.

ಹಾಗಂತ ಭಟ್ಟರು ದಿನಾ ಅಂಕಿ ತಿದ್ದುತ್ತಾ ಕೂರಬೇಕು ಅಂತಲ್ಲ. ಕೇಶವನ್ ಮತ್ತು ಕುಶ್ವಾಹ 2020ರಲ್ಲಿ ಪ್ರಕಟಿಸಿದ ಅಧ್ಯಯನ ವಾಹನದ ಬಿಡಿಭಾಗ ಮಾರುವ ಕಂಪನಿಯದು. ಅಲ್ಲಿನ ನೌಕರರು ಯಂತ್ರದ ಮಾತು ಮೀರಿದಾಗ ಲಾಭ 5.77% ಇಳಿಯಿತು. ಪರ ವಾದದವರು ಈ ಅಂಕಿಯನ್ನು ಖುಷಿಯಿಂದ ಹೇಳುತ್ತಾರೆ. ಅದೇ ಅಧ್ಯಯನದಲ್ಲಿ, ಮಾರಾಟ ಇನ್ನೂ ಏರುತ್ತಿರುವ ಹೊಸ ಮಾಲಿನ ವಿಷಯದಲ್ಲಿ ಮನುಷ್ಯನ ತಿದ್ದುಪಡಿಯಿಂದ ಲಾಭವೇ ಆಯಿತು ಎಂಬುದನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಫಿಲ್ಡ್ಸ್ ಮತ್ತು ಸಂಗಡಿಗರು 2009ರಲ್ಲಿ 60,000ಕ್ಕೂ ಹೆಚ್ಚು ಅಂದಾಜುಗಳನ್ನು ನೋಡಿದಾಗಲೂ ಇಂಥದ್ದೇ ಕಂಡಿತು. ಸಣ್ಣಪುಟ್ಟ ತಿದ್ದುಪಡಿ ಕೆಲಸ ಕೆಡಿಸುತ್ತದೆ. ಅಂದಾಜನ್ನು ದೊಡ್ಡದಾಗಿ ತಿದ್ದಿದಾಗ, ಅದರಲ್ಲೂ ಕೆಳಗಿಳಿಸಿದಾಗ, ಮನುಷ್ಯ ಹೆಚ್ಚಾಗಿ ಸರಿ.

ಮುಂಬಯಿಯವರಿಗೆ ಅಂಥ ದಿನಗಳು ಗೊತ್ತು. 2005ರ ಜುಲೈ 26ರಂದು ಸ್ಯಾಂಟಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿಯಿತು. ಅಂಥ ದಿನ ಹಳೆಯ ಬಿಲ್ಲುಗಳಲ್ಲಿ ಇರುವುದಿಲ್ಲ. ಬಾಗಿಲಲ್ಲಿ ನಿಂತು ರಸ್ತೆ ನೋಡಿದವನು ಗ್ರೈಂಡರ್ ನಿಲ್ಲಿಸು ಎನ್ನಬಲ್ಲ.

ಯಂತ್ರದ ಅಂಕಿಯನ್ನು ಸ್ವಲ್ಪವಾದರೂ ಬದಲಿಸಲು ಬಿಟ್ಟರೆ ಜನ ಅದನ್ನು ಒಪ್ಪಿಕೊಳ್ಳುತ್ತಾರೆ ಎಂದು ಡೀಟ್‌ವೋರ್ಸ್ಟ್ ಮತ್ತು ಸಂಗಡಿಗರು 2018ರಲ್ಲಿ ತೋರಿಸಿದರು. ಸಾಫ್ಟ್‌ವೇರ್ ಕೊಳ್ಳುವವರು ಇದನ್ನೇ ಕೇಳಲಿ. ಅಂಕಿ ತಿದ್ದಲು ಭಟ್ಟರಿಗೆ ಅವಕಾಶ ಇದೆಯಾ? ಇಡ್ಲಿ ಖಾಲಿಯಾದ ಕೂಡಲೇ ಒತ್ತಲು ಒಂದು ಬಟನ್ ಇದೆಯಾ? ನಮ್ಮ ಬಿಲ್ಲುಗಳಿಂದ ಕಲಿತದ್ದನ್ನು ಎದುರಿನ ಹೋಟೆಲಿಗೂ ಮಾರುತ್ತೀರಾ? ಮೂರನೆಯದಕ್ಕೆ ಉತ್ತರ ಬಾಯಿಮಾತಿನಲ್ಲಿ ಬೇಡ, ಕರಾರಿನಲ್ಲೇ ಬರೆಸಿಕೊಳ್ಳಿ.