ವೈಡಾಲ್ ಚೀಟಿ ನೋಡಿ ಟೈಫಾಯ್ಡ್ ಚಿಕಿತ್ಸೆ ಇನ್ನೆಷ್ಟು ದಿನ?

ಜ್ವರ ಬಂದ ಮೂರನೆಯ ದಿನಕ್ಕೆ ವೈಡಾಲ್ ಟೆಸ್ಟ್ ಮಾಡಿಸಿ, ಚೀಟಿಯಲ್ಲಿ ‘ಪಾಸಿಟಿವ್’ ಎಂದು ಕಂಡ ಕೂಡಲೇ ಟೈಫಾಯ್ಡ್ ಎಂದು ತೀರ್ಮಾನಿಸಿ, ಅಂದೇ ಸಂಜೆಯಿಂದ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಶುರು ಮಾಡುವ ರೂಢಿ ನಮ್ಮ ಊರುಗಳಲ್ಲಿ ಆಳವಾಗಿ ಬೇರೂರಿದೆ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನನ್ನು ಈ ವಿಷಯ ಬಹಳ ಕಾಲದಿಂದ ಕೊರೆಯುತ್ತಿದೆ. ಟೈಫಾಯ್ಡ್ ಇರಬಹುದೆಂಬ ಸಂಶಯ ಬಂದ ರೋಗಿಗೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಕೊಡುವ ಮುನ್ನ ರಕ್ತವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ, ತೆಗೆದಿರಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ ಈ ಪರೀಕ್ಷೆಯನ್ನು ಪ್ರಕಟಿಸಿದ್ದು 1896ರಲ್ಲಿ. ಆ ಕಾಲಕ್ಕೆ ಅದು ದೊಡ್ಡ ಸಾಧನೆಯೇ ಆಗಿತ್ತು. ಆದರೆ ಅದು ಹುಡುಕುವುದು ಟೈಫಾಯ್ಡ್ ಬ್ಯಾಕ್ಟೀರಿಯಾವನ್ನಲ್ಲ. ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು. ಆ ಪ್ರತಿಕಾಯಗಳು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ ಏರುತ್ತವೆಯಾದ್ದರಿಂದ, ಮೂರನೆಯ ದಿನದ ಟೆಸ್ಟ್ ನೆಗೆಟಿವ್ ಬಂದರೂ ಟೈಫಾಯ್ಡ್ ಇರಬಹುದು. ಇನ್ನೊಂದು ಕಡೆ, ಹಿಂದೆ ಎಂದೋ ಟೈಫಾಯ್ಡ್ ಬಂದು ಹೋದವರಲ್ಲಿ, ಲಸಿಕೆ ಹಾಕಿಸಿಕೊಂಡವರಲ್ಲಿ, ಟೈಫಾಯ್ಡ್ ಬ್ಯಾಕ್ಟೀರಿಯಾದ ಬಳಗವಾದ ಸಾಲ್ಮೊನೆಲ್ಲಾದ ಬೇರೆ ಬಗೆಗಳು ತಗುಲಿದವರಲ್ಲಿ, ಕೆಲವೊಮ್ಮೆ ಮಲೇರಿಯಾ ಇರುವವರಲ್ಲಿಯೂ ಇದು ಪಾಸಿಟಿವ್ ಬರುತ್ತದೆ. ಹತ್ತು ಹದಿನಾಲ್ಕು ದಿನಗಳ ಅಂತರದಲ್ಲಿ ಎರಡು ಸಲ ರಕ್ತ ತೆಗೆದು, ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕೆಂಬ ನಿಯಮ ಪಠ್ಯಪುಸ್ತಕದಲ್ಲಿದೆ. ಆದರೆ ಎರಡನೆಯ ಸಲ ರಕ್ತ ಕೊಡಲು ಬಂದವರನ್ನು ನಾನಂತೂ ಕಂಡಿಲ್ಲ.

ಇದರಿಂದ ಆಗುವ ಹಾನಿ ಬರೀ ದುಡ್ಡಿನದಲ್ಲ. ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಣ್ಣುಮಗಳೊಬ್ಬರಿಗೆ ಒಂದು ಕಡೆ ವೈಡಾಲ್ ನೋಡಿ ಟೈಫಾಯ್ಡ್ ಎಂದು ಹೇಳಿ, ದಿನವೂ ಡ್ರಿಪ್ ಹಾಕಿ ಇಂಜೆಕ್ಷನ್ ಕೊಟ್ಟಿದ್ದರು. ಜ್ವರ ಇಳಿಯಲಿಲ್ಲ, ಉಸಿರಾಟವೂ ಏರುಪೇರಾಯಿತು. ನಮ್ಮಲ್ಲಿಗೆ ಬಂದಾಗ ವಾರ್ಡಿನ ಕಿರಿಯ ವೈದ್ಯೆ ಪೂರ್ತಿ ಮೈ ಪರೀಕ್ಷಿಸಿದಾಗ ಕಂಕುಳಲ್ಲಿ ಬೀಡಿ ಸುಟ್ಟಂಥ ಒಂದು ಕಪ್ಪು ಹಕ್ಕಳೆ ಕಂಡಿತು. ಅದು ಸ್ಕ್ರಬ್ ಟೈಫಸ್. ಪೊದೆ, ಹುಲ್ಲುಗಳಲ್ಲಿರುವ ಒಂದು ಬಗೆಯ ನುಸಿಯ ಮರಿ ಕಚ್ಚುವುದರಿಂದ ಬರುವ ಈ ಕಾಯಿಲೆಗೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ, ಡಾಕ್ಸಿಸೈಕ್ಲಿನ್ ಬೇಕು. ಅದನ್ನು ಕೊಟ್ಟ ಎರಡು ದಿನಕ್ಕೆ ಜ್ವರ ಬಿಟ್ಟಿತು. ಆಕೆ ಉಳಿದರು. ಆದರೆ ತಪ್ಪು ಹೆಸರಿನ ಚಿಕಿತ್ಸೆಯಲ್ಲಿ ಕಳೆದ ಆ ದಿನಗಳು ಜೀವಕ್ಕೇ ಎರವಾಗುವಂತಿದ್ದವು.

1948ರಲ್ಲಿ ಮಲಯದ (ಇಂದಿನ ಮಲೇಶಿಯಾ) ಕೌಲಾಲಂಪುರದಲ್ಲಿ ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಸ್ಮಾಡೆಲ್, ವುಡ್‌ವರ್ಡ್ ಮೊದಲಾದ ಅಮೆರಿಕದ ಸಂಶೋಧಕರು ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧಿಯನ್ನು ಸ್ಕ್ರಬ್ ಟೈಫಸ್ ರೋಗಿಗಳ ಮೇಲೆ ಪ್ರಯೋಗಿಸುತ್ತಿದ್ದರು. ಸ್ಕ್ರಬ್ ಟೈಫಸ್ ಎಂದುಕೊಂಡು ಔಷಧಿ ಕೊಟ್ಟಿದ್ದ ರೋಗಿಯ ರಕ್ತದ ಕಲ್ಚರ್‌ನಲ್ಲಿ ಬೆಳೆದದ್ದು ಟೈಫಾಯ್ಡ್ ಬ್ಯಾಕ್ಟೀರಿಯಾ, ಜ್ವರವೂ ಇಳಿದಿತ್ತು. ಅಲ್ಲಿಯವರೆಗೆ ನೂರರಲ್ಲಿ ಹತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಯಿಲೆಗೆ ಮೊದಲ ಸಮರ್ಥ ಔಷಧಿ ಸಿಕ್ಕಿದ್ದು ಹಾಗೆ. ರಕ್ತವನ್ನು ಕಲ್ಚರ್‌ಗೆ ಹಾಕದೇ ಹೋಗಿದ್ದರೆ ಆ ರೋಗಿಯನ್ನೂ ಸ್ಕ್ರಬ್ ಟೈಫಸ್ ಲೆಕ್ಕಕ್ಕೇ ಸೇರಿಸಿಬಿಡುತ್ತಿದ್ದರು.

ಕಲ್ಚರ್ ಎಂದರೆ ಏನೆಂದು ಹಲವರಿಗೆ ಗೊತ್ತಿಲ್ಲದ ಕಾರಣ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದೊಡ್ಡವರಾದರೆ ಎಂಟು ಹತ್ತು ಮಿಲಿ ರಕ್ತ ಬೇಕು. ‘ಇಷ್ಟೊಂದು ರಕ್ತ ಯಾಕೆ?’ ಎಂದು ರೋಗಿಯ ಕಡೆಯವರು ಕೇಳುವುದು ಸಹಜ. ಟೈಫಾಯ್ಡ್‌ನಲ್ಲಿ ಒಂದು ಮಿಲಿ ರಕ್ತದಲ್ಲಿ ಹಲವು ಸಲ ಒಂದೇ ಒಂದು ಬ್ಯಾಕ್ಟೀರಿಯಾ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಆದ್ದರಿಂದ ರಕ್ತ ಕಡಿಮೆಯಾದರೆ ಅದು ಸಿಗುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಪೋಷಕ ದ್ರವವಿರುವ ಬಾಟಲಿಯಲ್ಲಿ ಒಂದೆರಡು ದಿನ ಬೆಳೆದ ಮೇಲೆ ಅದನ್ನು ಮ್ಯಾಕ್‌ಕಾಂಕಿ ಎಂಬ ಪೋಷಕ ಪದಾರ್ಥ ಹಾಕಿದ ಪ್ಲೇಟಿನ ಮೇಲೆ ಎಳೆದರೆ, ಮರುದಿನ ಬಣ್ಣವಿಲ್ಲದ, ಮಸುಕು ಗಾಜಿನಂಥ ಚಿಕ್ಕ ಚುಕ್ಕೆಗಳು ಕಾಣುತ್ತವೆ. ಅದರಲ್ಲೊಂದನ್ನು ತಂತಿಯಿಂದ ಮುಟ್ಟಿ ಬ್ಯಾಕ್ಟೀರಿಯಾಕ್ಕೆ ತಕ್ಕಂತೆ ಬಣ್ಣ ಬದಲಿಸುವ ಟಿಎಸ್‌ಐ ಎಂಬ ಪೋಷಕ ಪದಾರ್ಥದ ಟ್ಯೂಬಿಗೆ ಚುಚ್ಚಿಟ್ಟರೆ, ಬೆಳಗಾಗುವಷ್ಟರಲ್ಲಿ ತಳವೆಲ್ಲ ಹಳದಿಯಾಗಿ, ಮೇಲಿನ ಇಳಿಜಾರು ಕೆಂಪಾಗಿಯೇ ಉಳಿದು, ಎರಡೂ ಕೂಡುವಲ್ಲಿ ಸಾಸಿವೆಗಿಂತ ಸಣ್ಣದೊಂದು ಕಪ್ಪು ಗುರುತು ಮೂಡಿರುತ್ತದೆ. ಎಷ್ಟು ವರ್ಷ ನೋಡಿದರೂ ಟೈಫಾಯ್ಡ್‌ನ ಸುಳಿವು ಕೊಡುವ ಆ ಕಪ್ಪು ಗುರುತು ಕಂಡಾಗ ನನ್ನ ಮೈ ಜುಮ್ಮೆನ್ನುತ್ತದೆ. ಆಮೇಲೆ ಆ್ಯಂಟಿಸೀರಮ್‌ನಿಂದ (ಆ ಬ್ಯಾಕ್ಟೀರಿಯಾದ ವಿರುದ್ಧದ ಪ್ರತಿಕಾಯಗಳಿರುವ ದ್ರವ) ಖಚಿತಪಡಿಸಿಕೊಂಡು ಹೆಸರು ಬರೆಯುತ್ತೇವೆ.

ಕಲ್ಚರ್ ಮಾಡುವುದರ ನಿಜವಾದ ಪ್ರಯೋಜನ ಸಿಗುವುದು ಮುಂದಿನ ಹಂತದಲ್ಲಿ, ಯಾವ ಔಷಧಿ ನಾಟುತ್ತದೆ ಎಂದು ನೋಡುವಾಗ. ಟೈಫಾಯ್ಡ್ ಬ್ಯಾಕ್ಟೀರಿಯಾ ಒಂದೊಂದೇ ಔಷಧಿಯನ್ನು ಜೀರ್ಣಿಸಿಕೊಳ್ಳುತ್ತ ಬಂದಿದೆ. ಕ್ಲೋರಾಂಫೆನಿಕಾಲ್‌ಗೆ ಜಗ್ಗದ ಟೈಫಾಯ್ಡ್ 1972ರಲ್ಲಿ ಮೆಕ್ಸಿಕೋದಲ್ಲಿ ಹರಡಿತು. ಅದೇ ವರ್ಷ ನಮ್ಮ ನೆರೆಯ ಕೋಯಿಕ್ಕೋಡ್‌ನಿಂದಲೂ ವರದಿಯಾಯಿತು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಆಂಪಿಸಿಲಿನ್, ಕೋಟ್ರೈಮಾಕ್ಸಜೋಲ್‌ಗಳೂ ಕೈಕೊಟ್ಟವು. ಆಗ ಎಲ್ಲರೂ ಸಿಪ್ರೊಫ್ಲಾಕ್ಸಾಸಿನ್ ಹಿಡಿದರು. ಕೆಲವು ವರ್ಷಗಳಲ್ಲಿ ಒಂದು ವಿಚಿತ್ರ ಕಂಡುಬಂತು: ಪ್ಲೇಟಿನ ಮೇಲೆ ಸಿಪ್ರೊ ಡಿಸ್ಕ್ (ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆ) ಸುತ್ತ ಬೆಳವಣಿಗೆಯಿಲ್ಲದ ವೃತ್ತ ಚೆನ್ನಾಗಿಯೇ ಮೂಡುತ್ತಿತ್ತು, ‘ಸೆನ್ಸಿಟಿವ್’, ಅಂದರೆ ಔಷಧಿ ನಾಟುತ್ತದೆ ಎಂದೇ ರಿಪೋರ್ಟ್ ಹೋಗುತ್ತಿತ್ತು, ಆದರೆ ರೋಗಿಯ ಜ್ವರ ಇಳಿಯುತ್ತಿರಲಿಲ್ಲ. ಅದೇ ಪ್ಲೇಟಿನಲ್ಲಿ ಸಿಪ್ರೊ ಬಳಗದ್ದೇ ಹಳೆಯ ಔಷಧಿಯಾದ ನಾಲಿಡಿಕ್ಸಿಕ್ ಆಮ್ಲದ ಡಿಸ್ಕ್ ಇಟ್ಟು ನೋಡಿದರೆ ಅದರ ಅಂಚಿನವರೆಗೂ ಬ್ಯಾಕ್ಟೀರಿಯಾ ಬೆಳೆದಿರುತ್ತಿತ್ತು. ಒಳಗೊಳಗೇ ಬದಲಾಗಿದ್ದ ಬ್ಯಾಕ್ಟೀರಿಯಾದ ಗುಟ್ಟನ್ನು ಆ ಡಿಸ್ಕ್ ಹೊರಗೆಡಹಿತು. ಕೊನೆಗೆ 2012ರಲ್ಲಿ, ಲ್ಯಾಬ್ ಪರೀಕ್ಷೆಗಳ ಮಾನದಂಡ ರೂಪಿಸುವ ಅಮೆರಿಕದ ಸಿಎಲ್‌ಎಸ್‌ಐ ಸಂಸ್ಥೆ, 21 ಮಿಲಿಮೀಟರ್ ವೃತ್ತವಿದ್ದರೆ ಸಾಕು ಎಂಬ ಅಳತೆಯನ್ನು 31ಕ್ಕೆ ಏರಿಸಿತು. ಇಪ್ಪತ್ತೈದು ಮಿಲಿಮೀಟರ್ ಅಳೆದು ‘ಸೆನ್ಸಿಟಿವ್’ ಎಂದು ಬರೆಯುತ್ತಿದ್ದ ಲ್ಯಾಬುಗಳು ಅಂದಿನಿಂದ ಹಾಗೆ ಬರೆಯುವಂತಿರಲಿಲ್ಲ.

ಈಗ ನಾವು ಹೆಚ್ಚಾಗಿ ನೆಚ್ಚಿರುವುದು ಸೆಫ್ಟ್ರಿಯಾಕ್ಸೋನ್ ಮತ್ತು ಅಜಿತ್ರೋಮೈಸಿನ್‌ಗಳನ್ನು. ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ 2016ರ ಕೊನೆಗೆ ಕಾಣಿಸಿಕೊಂಡ ಟೈಫಾಯ್ಡ್ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ. ಅಲ್ಲಿ ಬಾಯಿಯಿಂದ ಕೊಡಬಹುದಾದ ಔಷಧಿಯೆಂದರೆ ಅಜಿತ್ರೋಮೈಸಿನ್ ಒಂದೇ ಉಳಿಯಿತು. ಅಂಥ ತಳಿ ನಮ್ಮ ತಾಲ್ಲೂಕಿಗೆ ಬಂದರೆ ಯಾವ ವೈಡಾಲ್ ಟೆಸ್ಟೂ ಅದನ್ನು ಹೇಳಲಾರದು. ಇನ್ನೊಂದು ಕಡೆ ಸಮಾಧಾನದ ಸಂಗತಿಯೂ ಇದೆ: ಬಳಕೆ ಕಡಿಮೆಯಾದ ಮೇಲೆ ಭಾರತದ ಬಹುತೇಕ ಟೈಫಾಯ್ಡ್ ತಳಿಗಳಿಗೆ ಹಳೆಯ ಕ್ಲೋರಾಂಫೆನಿಕಾಲ್, ಕೋಟ್ರೈಮಾಕ್ಸಜೋಲ್ ಮತ್ತೆ ನಾಟತೊಡಗಿವೆ. ಇದೂ ತಿಳಿದದ್ದು ಕಲ್ಚರ್ ಪ್ಲೇಟುಗಳಿಂದಲೇ.

ವೈದ್ಯರ ಕಷ್ಟ ನನಗೆ ಅರ್ಥವಾಗುತ್ತದೆ. ಕಲ್ಚರ್ ರಿಪೋರ್ಟ್‌ಗೆ ಮೂರು ದಿನವಾದರೂ ಬೇಕು, ಖರ್ಚು ಹೆಚ್ಚು, ಹಳ್ಳಿಯಿಂದ ಬಂದವರು ಮತ್ತೆ ಬರುತ್ತಾರೆಂಬ ಭರವಸೆಯಿಲ್ಲ. ಕಲ್ಚರ್ ಕೂಡ ಪರಿಪೂರ್ಣವಲ್ಲ. ನಿಜವಾದ ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಶೇಕಡ ಜನರಲ್ಲಿ ಮಾತ್ರ ಅದು ಬೆಳೆಯುತ್ತದೆ, ಮೊದಲೇ ಔಷಧಿ ತೆಗೆದುಕೊಂಡಿದ್ದರೆ ಇನ್ನೂ ಕಡಿಮೆ. ಹಾಗಾಗಿ ರಿಪೋರ್ಟ್ ಬರುವವರೆಗೆ ಚಿಕಿತ್ಸೆ ನಿಲ್ಲಿಸಿ ಕೂರಬೇಕೆಂದು ನಾನು ಹೇಳುತ್ತಿಲ್ಲ. ಮೊದಲು ರಕ್ತ ತೆಗೆದಿಟ್ಟು ಆಮೇಲೆ ಇಂಜೆಕ್ಷನ್ ಕೊಡಿ, ರಿಪೋರ್ಟ್ ಬಂದ ದಿನ ಔಷಧಿಯನ್ನು ಮತ್ತೊಮ್ಮೆ ಪರಿಶೀಲಿಸಿ ಎಂಬುದಷ್ಟೇ ನನ್ನ ಕೋರಿಕೆ.

ಸರ್ಕಾರದಿಂದ ಆಗಬೇಕಾದ ಕೆಲಸವೂ ದೊಡ್ಡದೇನಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಕಲ್ಚರ್ ಬಾಟಲಿಗಳಿರಲಿ, ಅವನ್ನು ಅದೇ ದಿನ ಜಿಲ್ಲಾ ಕೇಂದ್ರದ ಲ್ಯಾಬಿಗೆ ತಲುಪಿಸುವ ಒಂದು ವಾಹನವಿರಲಿ. ರಕ್ತ ಹಾಕಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಡಬಾರದು, ಹೊರಗಿನ ಸಾಮಾನ್ಯ ತಾಪದಲ್ಲೇ ಕಳಿಸಬೇಕು ಎಂಬುದನ್ನು ಅಲ್ಲಿನ ಸಿಬ್ಬಂದಿಗೆ ಕಲಿಸಲಿ. ಜಿಲ್ಲೆಯ ಎಲ್ಲ ರಿಪೋರ್ಟ್‌ಗಳನ್ನು ವರ್ಷಕ್ಕೊಮ್ಮೆ ಒಟ್ಟು ಮಾಡಿ, ಈ ಭಾಗದಲ್ಲಿ ಯಾವ ಔಷಧಿ ನಾಟುತ್ತಿದೆ, ಯಾವುದು ನಾಟುತ್ತಿಲ್ಲ ಎಂಬ ಪಟ್ಟಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ತಲುಪಿಸಿದರೆ, ಕಲ್ಚರ್ ಮಾಡಿಸಲು ಸಾಧ್ಯವೇ ಇಲ್ಲದ ಕಡೆಯ ವೈದ್ಯರಿಗೂ ಔಷಧಿ ಆರಿಸಲು ಆಧಾರವೊಂದು ಸಿಗುತ್ತದೆ.